ತಾತನ ಖಾತೆ: ಕಾಸು ಕಾಣದ ಊರುಗಳು

ಮಕ್ಕಳೇ, ಈ ತಾತ ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ಎಂಬುದು ನಿಮಗೆ ಗೊತ್ತೇ ಇದೆ. ಅದರಲ್ಲಿ ಹೆಚ್ಚಿನ ವರ್ಷಗಳು ಕ್ಯಾಷ್ ಕೌಂಟರಿನ ಜಾಲರಿಯ ಹಿಂದೆಯೇ ಕಳೆದವು. ಹಾಗಾಗಿ ಯಾವ ಊರಿಗೆ ಹೋದರೂ ಬೇರೆಯವರು ಅರಮನೆ, ಗೋಪುರ ನೋಡಿದರೆ ನಾನು ಮೊದಲು ಅಲ್ಲಿನ ಚಿಲ್ಲರೆ ನೋಡುತ್ತೇನೆ.

2025ರ ಜೂನ್ ತಿಂಗಳಲ್ಲಿ ನಾನೂ ನಮ್ಮ ಮನೆಯವರೂ ಯುರೋಪಿನ ಉತ್ತರದ ಮೂರು ದೇಶಗಳಿಗೆ ಹೋಗಿ ಬಂದೆವು. ಊರು ನೋಡುವುದಕ್ಕಿಂತ ನಮ್ಮವರನ್ನು ನೋಡುವುದು ಮುಖ್ಯವಾಗಿತ್ತು. ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ನನ್ನ ಹಳೆಯ ಸಹೋದ್ಯೋಗಿ, ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ಮಗಳು, ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ನಮ್ಮ ಮನೆಯವರ ತಂಗಿಯ ಮಗ. ಮೂರು ದೇಶಕ್ಕೂ ಷೆಂಗೆನ್ ಎಂಬ ಒಂದೇ ವೀಸಾ ಸಾಕು. ಹಣ ಮಾತ್ರ ಮೂರು ಬಗೆಯದು. ಡೆನ್ಮಾರ್ಕಿನದು ಒಂದು ಕ್ರೋನ, ಸ್ವೀಡನ್ನಿನದು ಇನ್ನೊಂದು ಕ್ರೋನ, ಫಿನ್ಲೆಂಡಿನದು ಯೂರೋ.

ಕ್ರೋನ ಅಂದರೆ ಕಿರೀಟ. 1873ರಲ್ಲಿ ಡೆನ್ಮಾರ್ಕ್ ಮತ್ತು ಸ್ವೀಡನ್ ಸೇರಿ ಒಂದೇ ಬೆಲೆಯ ಕ್ರೋನ ಮಾಡಿಕೊಂಡವು. ಎರಡು ವರ್ಷ ಬಿಟ್ಟು ನಾರ್ವೆಯೂ ಸೇರಿತು. ಒಬ್ಬರ ನಾಣ್ಯ ಇನ್ನೊಬ್ಬರ ಊರಲ್ಲೂ ನಡೆಯುತ್ತಿತ್ತು. 1914ರಲ್ಲಿ ಮೊದಲ ಮಹಾಯುದ್ಧ ಬಂದಾಗ ಆ ಒಪ್ಪಂದ ಮುರಿಯಿತು. ಅಣ್ಣತಮ್ಮಂದಿರು ಪಾಲಾದ ಹಾಗೆ ಈಗ ಮೂವರಿಗೂ ಬೇರೆ ಬೇರೆ ಕ್ರೋನ. ಹೆಸರೊಂದೇ, ಬೆಲೆ ಬೇರೆ.

ಬೆಂಗಳೂರಿನಿಂದ ಹೊರಡುವಾಗ ನಾನು ಮೂರು ಲಕೋಟೆಗಳಲ್ಲಿ ಮೂರು ದೇಶದ ನೋಟು ತುಂಬಿಸಿಕೊಂಡೆ. ಫೋನಿನಲ್ಲಿ ಮಗಳು ನಕ್ಕಳು. "ಅಪ್ಪ, ಇಲ್ಲಿ ನೋಟು ಮುಟ್ಟಿ ಎಷ್ಟೋ ತಿಂಗಳಾಯಿತು. ಕಾರ್ಡ್ ಒಂದು ತಂದರೆ ಸಾಕು" ಎಂದಳು. ಕಾರ್ಡನ್ನೂ ಇಟ್ಟುಕೊಂಡೆ, ಲಕೋಟೆಗಳನ್ನೂ ಬಿಡಲಿಲ್ಲ.

ಮೊದಲು ಕೋಪನ್‌ಹೇಗನ್. ನನ್ನ ಗೆಳೆಯ ನಮ್ಮ ಶಾಖೆಯಲ್ಲಿ ಹೆಡ್ ಕ್ಯಾಷಿಯರ್ ಆಗಿದ್ದವನು. ಸಂಬಳದ ದಿನ ಲಕ್ಷಗಟ್ಟಲೆ ಎಣಿಸಿದರೂ ಒಂದು ರೂಪಾಯಿ ಹೆಚ್ಚುಕಮ್ಮಿ ಆಗುತ್ತಿರಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ವರ್ಷಕ್ಕೊಮ್ಮೆ ಮಗನ ಮನೆಗೆ ಬಂದು ಇದ್ದು ಹೋಗುತ್ತಾನೆ. ಈ ವೀಸಾದಲ್ಲಿ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು. ಮಗ, ಸೊಸೆ ಬಂಗಾರದಂಥವರು. ಆದರೂ ಗೆಳೆಯನ ಮುಖದಲ್ಲಿ ಮೊದಲಿನ ಕಳೆ ಇರಲಿಲ್ಲ. ಇಬ್ಬರೇ ಕೂತಾಗ ಮೆಲ್ಲಗೆ ಹೇಳಿದ: "ಒಂದು ಕಾಫಿ ಕುಡಿಯಬೇಕು ಅಂದರೂ ಮಗನ್ನ ಕೇಳಬೇಕು ಕಣೋ. ಇಲ್ಲಿ ಎಲ್ಲ ಫೋನಿನಲ್ಲೇ ಕೊಡುತ್ತಾರೆ. ಅದಕ್ಕೆ ಇಲ್ಲಿಯ ಬ್ಯಾಂಕ್ ಖಾತೆ ಬೇಕು. ನನಗೆಲ್ಲಿಂದ ಬರಬೇಕು? ಕೋಟಿ ಎಣಿಸಿದ ಕೈ, ಈಗ ಕಿಸೆಯಲ್ಲಿ ಕಿಲುಬು ಕಾಸಿಲ್ಲ."

ನಾನು ಡೆನ್ಮಾರ್ಕಿನ ಲಕೋಟೆ ತೆಗೆದೆ. ಹೊರಡುವ ಮುಂಚೆ ಒಂದು ವಿಷಯ ಓದಿಕೊಂಡಿದ್ದೆ. ಆ ದೇಶದಲ್ಲಿ ಜನ ಕೂತು ವ್ಯಾಪಾರ ಮಾಡುವ ಅಂಗಡಿಗಳು ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ನಗದು ಬೇಡ ಅನ್ನುವಂತಿಲ್ಲ. ಕಳ್ಳತನದ ಭಯ ಇರುವ ಕಡೆ ರಾತ್ರಿ 8ಕ್ಕೇ ನಿಲ್ಲಿಸಬಹುದು, ಅಷ್ಟೇ. ಅದು ಕಾನೂನು. ಆ ಮಾತು ಗೆಳೆಯನಿಗೆ ಗೊತ್ತಿರಲಿಲ್ಲ. ನೋಟು ಕೊಟ್ಟರೆ ನಗುತ್ತಾರೇನೋ ಎಂದು ಅವನು ಕೇಳಿಯೇ ಇರಲಿಲ್ಲ.

ಮರುದಿನ ಬೆಳಿಗ್ಗೆ ಇಬ್ಬರೂ ಬೀದಿ ಮೂಲೆಯ ಬೇಕರಿಗೆ ಹೋದೆವು. ದಾಲ್ಚಿನ್ನಿ ಹಾಕಿದ ಸುರುಳಿ ಬನ್ನು, ಎರಡು ಕಾಫಿ. ಗೆಳೆಯ 200 ಕ್ರೋನರ್ ನೋಟು ಚಾಚಿದ. ಹುಡುಗಿ ಮಾತಿಲ್ಲದೆ ಡ್ರಾಯರ್ ಎಳೆದು ಚಿಲ್ಲರೆ ಕೊಟ್ಟಳು. ಅವನು ಅಲ್ಲೇ ನಿಂತು ಎರಡು ಸಲ ಎಣಿಸಿದ. ಹಿಂದೆ ಸಾಲು ನಿಂತಿದ್ದರೂ ಬಿಡಲಿಲ್ಲ! "ಸರಿ ಇದೆ" ಎಂದು ಕನ್ನಡದಲ್ಲೇ ಆ ಹುಡುಗಿಗೆ ಹೇಳಿದ. ಆವತ್ತು ಮಧ್ಯಾಹ್ನ ಸೊಸೆಗೂ ಮಗನಿಗೂ ಒಂದೊಂದು ಬನ್ನು ಕಟ್ಟಿಸಿಕೊಂಡು ಹೋದ. ಮನೆಗೆ ಏನಾದರೂ ತೆಗೆದುಕೊಂಡು ಹೋಗುವ ಅಪ್ಪನ ನಡಿಗೆಯೇ ಬೇರೆ ಎಂದು ಆವತ್ತು ನೋಡಿದೆ.

ಆ ಚಿಲ್ಲರೆಯಲ್ಲಿ ಸಿಕ್ಕಿದ ನಾಣ್ಯಗಳನ್ನು ನೀವು ನೋಡಬೇಕು ಮಕ್ಕಳೇ. ಡೆನ್ಮಾರ್ಕಿನ 1, 2, 5 ಕ್ರೋನ ನಾಣ್ಯಗಳ ನಡುವೆ ತೂತು ಇರುತ್ತದೆ. ಮೈಮೇಲೆ ಪುಟ್ಟ ಪುಟ್ಟ ಹೃದಯದ ಗುರುತು. ಅದು ಅಲ್ಲಿನ ಟಂಕಸಾಲೆಯ ಚಿಹ್ನೆ. ನಮ್ಮಲ್ಲೂ 1943ರಿಂದ ಕೆಲವು ವರ್ಷ ತೂತಿನ ಕಾಸು ನಡೆಯುತ್ತಿತ್ತು. ನಿಮ್ಮ ಮನೆಯ ದೇವರ ಪೆಟ್ಟಿಗೆಯಲ್ಲೋ ಅಜ್ಜಿಯ ಡಬ್ಬಿಯಲ್ಲೋ ಹುಡುಕಿ ನೋಡಿ.

ಇನ್ನೊಂದು ಸಂಗತಿ. ಆ ದೇಶದವರು ತಮ್ಮ 1000 ಕ್ರೋನರ್ ನೋಟನ್ನು 2025ರ ಮೇ 31ರ ಬಳಿಕ ನಡೆಯದಂತೆ ಮಾಡಿದರು. ಅದಕ್ಕೆ ಸುಮಾರು ಒಂದೂವರೆ ವರ್ಷ ಮೊದಲೇ ತಿಳಿಸಿದ್ದರು. ನಮ್ಮಲ್ಲಿ 2016ರ ನವೆಂಬರ್ 8ರ ರಾತ್ರಿ 8ಕ್ಕೆ ಹೇಳಿ 12ಕ್ಕೆ ನಿಲ್ಲಿಸಿದ್ದು ದೊಡ್ಡವರಿಗೆ ನೆನಪಿರಬೇಕು. ಅಷ್ಟು ಹೊತ್ತಿಗೆ ನಾನು ನಿವೃತ್ತನಾಗಿದ್ದೆ, ಬದುಕಿದೆ!

ಡೆನ್ಮಾರ್ಕಿನ ನೋಟುಗಳ ಮೇಲೆ ಸೇತುವೆಗಳ ಚಿತ್ರ ಇರುತ್ತದೆ. ನಾವು ಸ್ವೀಡನ್ನಿಗೆ ದಾಟಿದ್ದೂ ಸೇತುವೆಯ ಮೇಲೆಯೇ. 2000ದ ಜುಲೈನಲ್ಲಿ ತೆರೆದ ಓರೆಸುಂಡ್ ದಾರಿ ಅದು. ಕೋಪನ್‌ಹೇಗನ್ ಕಡೆಯಿಂದ ರೈಲು ಮೊದಲು ಸಮುದ್ರದ ತಳದಲ್ಲಿ ಸುಮಾರು 4 ಕಿ.ಮೀ. ಸುರಂಗದೊಳಗೆ ಹೋಗುತ್ತದೆ. ಆಮೇಲೆ ಮನುಷ್ಯರೇ ಕಟ್ಟಿದ ಒಂದು ದ್ವೀಪ. ಅಲ್ಲಿಂದ ಸುಮಾರು 8 ಕಿ.ಮೀ. ಸೇತುವೆ. ಪೂರ್ತಿ ಸೇತುವೆಯನ್ನೇ ಏಕೆ ಕಟ್ಟಲಿಲ್ಲ? ಪಕ್ಕದಲ್ಲೇ ವಿಮಾನ ನಿಲ್ದಾಣ ಇದೆ. ಎತ್ತರದ ಕಂಬಗಳು ವಿಮಾನಗಳಿಗೆ ಅಡ್ಡ ಬರುತ್ತಿದ್ದವು. ಗಡಿಯಲ್ಲಿ ಪಾಸ್‌ಪೋರ್ಟ್ ನೋಡುವುದುಂಟು, ಆದ್ದರಿಂದ ಅದು ಕೈಗೆ ಸಿಗುವಂತಿರಲಿ. ಮುಂದೆ ಸ್ಟಾಕ್‌ಹೋಮ್‌ಗೆ ರೈಲಿನಲ್ಲಿ ಅರ್ಧ ದಿನದ ದಾರಿ. ಕಾಡು, ಕೆರೆ, ಕೆಂಪು ಬಣ್ಣದ ಮರದ ಮನೆಗಳು.

ಮಗಳ ಮನೆ ತಲುಪಿದಾಗ ಎಂಟು ವರ್ಷದ ಮೊಮ್ಮಗಳು ಕಾಲಿಗೆ ನಮಸ್ಕಾರ ಮಾಡಿದಳು. ನಮಸ್ಕಾರ ಮಾಡಿದ ಮಗುವಿನ ಕೈಯಲ್ಲಿ ಏನಾದರೂ ಇಡುವುದು ನಮ್ಮ ಪದ್ಧತಿ. 20 ಕ್ರೋನರ್ ನೋಟು ಕೊಟ್ಟೆ. ಆ ನೋಟಿನ ಮೇಲೆ ಇರುವವರು ರಾಜರಲ್ಲ, ಮಂತ್ರಿಗಳಲ್ಲ. ಮಕ್ಕಳ ಕತೆ ಬರೆದ ಆಸ್ಟ್ರಿಡ್ ಲಿಂಡ್‌ಗ್ರೆನ್ ಎಂಬ ಲೇಖಕಿ. ಪಕ್ಕದಲ್ಲಿ ಅವರ ಕತೆಯ ಹುಡುಗಿ ಪಿಪ್ಪಿ. ಪಿಪ್ಪಿಯ ಬಳಿ ಒಂದು ಪೆಟ್ಟಿಗೆ ತುಂಬ ಚಿನ್ನದ ನಾಣ್ಯ ಇರುತ್ತದೆ!

ಮೊಮ್ಮಗಳು ನೋಟನ್ನು ತಿರುಗಿಸಿ ನೋಡಿ, "ತಾತ, ಇದನ್ನ ಎಲ್ಲಿ ಕೊಡೋದು?" ಎಂದಳು. ನನಗೆ ನಗು ಬಂತು. ಮರುದಿನ ಅವಳ ಪ್ರಶ್ನೆ ಸರಿ ಎಂದು ಗೊತ್ತಾಯಿತು. ಬಸ್ಸಿನಲ್ಲಿ ನಗದು ನಡೆಯುವುದಿಲ್ಲ. ಒಂದು ಮ್ಯೂಸಿಯಂನ ಕೆಫೆಯಲ್ಲಿ 'ನಗದು ಇಲ್ಲ' ಎಂದು ಬೋರ್ಡು. ಐಸ್‌ಕ್ರೀಮ್ ಗಾಡಿಯಲ್ಲೂ ಅದೇ. ಅಲ್ಲಿನ ಬ್ಯಾಂಕುಗಳು 2012ರಲ್ಲಿ ಒಟ್ಟಾಗಿ 'ಸ್ವಿಶ್' ಎಂಬ ಆಪ್ ತಂದವು. ನಮ್ಮ ಯುಪಿಐಗಿಂತ ಹಳೆಯದು. ಫೋನ್ ನಂಬರಿಗೆ ಹಣ ಕಳಿಸಿದರೆ ಆಯಿತು. ಎಷ್ಟೋ ಬ್ಯಾಂಕ್ ಶಾಖೆಗಳಲ್ಲಿ ನಗದನ್ನೇ ಮುಟ್ಟುವುದಿಲ್ಲ. ಕ್ಯಾಷಿಯರ್ ಇಲ್ಲದ ಬ್ಯಾಂಕು! ನನಗೆ ಗಂಟೆ ಇಲ್ಲದ ದೇವಸ್ಥಾನ ನೋಡಿದ ಹಾಗಾಯಿತು.

ತಮಾಷೆ ಎಂದರೆ, ಯುರೋಪಿಗೆ ಕಾಗದದ ನೋಟನ್ನು ಮೊದಲು ಕೊಟ್ಟದ್ದೂ ಇದೇ ಸ್ಟಾಕ್‌ಹೋಮ್. ಸ್ವೀಡನ್ನಿನಲ್ಲಿ ತಾಮ್ರದ ಗಣಿ ಇತ್ತು, ಹಾಗಾಗಿ ದೊಡ್ಡ ಮೊತ್ತದ ಹಣವನ್ನೂ ತಾಮ್ರದ ಹಲಗೆಯಲ್ಲೇ ಮಾಡುತ್ತಿದ್ದರು. 1644ರ 10 ದಾಲರ್ ಹಲಗೆಯ ತೂಕ 19.7 ಕೆ.ಜಿ. ಅದನ್ನು ಹೊತ್ತು ಸಂತೆಗೆ ಹೋಗುವುದು ಹೇಗೆ? 1661ರಲ್ಲಿ ಯೋಹಾನ್ ಪಾಲ್ಮ್‌ಸ್ಟ್ರುಕ್ ಎಂಬವರ ಬ್ಯಾಂಕು ಕಾಗದದ ನೋಟು ಹೊರಡಿಸಿತು. ಜನಕ್ಕೆ ಖುಷಿಯೋ ಖುಷಿ. ಆದರೆ ಬ್ಯಾಂಕು ಪೆಟ್ಟಿಗೆಯಲ್ಲಿದ್ದ ಲೋಹಕ್ಕಿಂತ ಹೆಚ್ಚು ನೋಟು ಹಂಚಿಬಿಟ್ಟಿತು. ಜನ ಹಣ ವಾಪಸ್ ಕೇಳಲು ಬಂದಾಗ ಕೊಡಲಾಗಲಿಲ್ಲ. ಪಾಲ್ಮ್‌ಸ್ಟ್ರುಕ್ ಸೆರೆಮನೆಗೆ ಹೋದ. ಆ ಪಾಠ ಕಲಿತ ಮೇಲೆ 1668ರಲ್ಲಿ ಹುಟ್ಟಿದ್ದೇ ರಿಕ್ಸ್‌ಬ್ಯಾಂಕ್. ನಮ್ಮ ರಿಸರ್ವ್ ಬ್ಯಾಂಕಿನಂಥ ಬ್ಯಾಂಕುಗಳಲ್ಲಿ ಜಗತ್ತಿಗೇ ಹಳೆಯದು ಅದು.

ನೋಟು ಹುಟ್ಟಿದ ಊರಲ್ಲೇ ನೋಟಿಗೆ ಜಾಗವಿಲ್ಲದಂತಾದಾಗ ಕಷ್ಟಕ್ಕೆ ಬಿದ್ದವರು ವಯಸ್ಸಾದವರು. ಫೋನಿನ ಅಕ್ಷರ ಕಾಣದವರು, ಗುಪ್ತಸಂಖ್ಯೆ ನೆನಪಿರದವರು. ಅವರು ಸುಮ್ಮನೆ ಕೂರಲಿಲ್ಲ. ಬಿಯೋರ್ನ್ ಎರಿಕ್ಸನ್ ಎಂಬ ನಿವೃತ್ತ ಪೊಲೀಸ್ ಮುಖ್ಯಸ್ಥರ ಮುಂದಾಳುತನದಲ್ಲಿ ನಗದು ಉಳಿಸಿ ಎಂದು ದನಿ ಎತ್ತಿದರು. ದೊಡ್ಡ ಬ್ಯಾಂಕುಗಳು ನಗದು ತೆಗೆಯುವ, ಕಟ್ಟುವ ಸೌಲಭ್ಯ ಕೊಡಲೇಬೇಕು ಎಂಬ ಕಾನೂನು 2020ರಲ್ಲಿ ಬಂತು. 2024ರ ನವೆಂಬರಿನಲ್ಲಿ ಸರ್ಕಾರ ಮನೆಮನೆಗೂ ಒಂದು ಕೈಪಿಡಿ ಕಳಿಸಿತು. ಯುದ್ಧವೋ ವಿಪತ್ತೋ ಬಂದರೆ ಏನು ಮಾಡಬೇಕು ಎಂಬ ಸಲಹೆಗಳು ಅದರಲ್ಲಿವೆ. ನೀರು, ಆಹಾರದ ಜೊತೆಗೆ ಮನೆಯಲ್ಲಿ ಸ್ವಲ್ಪ ನಗದೂ ಇರಲಿ ಎಂದು ಬರೆದಿದೆ. ಮಗಳು ಅದನ್ನು ಕಪಾಟಿನಿಂದ ತೆಗೆದು ತೋರಿಸಿ, "ನಿಮ್ಮ ಲಕೋಟೆಯನ್ನ ಇಲ್ಲೇ ಬಿಟ್ಟು ಹೋಗಿ ಅಪ್ಪ" ಎಂದಳು. ಈ ಸಲ ಅವಳು ನಗಲಿಲ್ಲ.

ಮೊಮ್ಮಗಳ 20 ಕ್ರೋನರ್ ಏನಾಯಿತು ಎಂದು ಕೇಳುತ್ತೀರಾ? ಅದರಿಂದ ನಮ್ಮ ಮನೆಯಲ್ಲೊಂದು ಬ್ಯಾಂಕ್ ಹುಟ್ಟಿತು. ಹಳೆಯ ಪತ್ರಿಕೆ ಕತ್ತರಿಸಿ ನೂರು ನೋಟು ಮಾಡಿದೆವು. ಬಟ್ಟಲಲ್ಲಿ ಒದ್ದೆ ಸ್ಪಂಜು ಇಟ್ಟು ಬೆರಳು ಅದ್ದಿ ಎಣಿಸುವುದು ಕಲಿಸಿದೆ. ನಿಯಮ ಒಂದೇ: ಈ ಬ್ಯಾಂಕಿನಲ್ಲಿ ಎಣಿಕೆ ಕನ್ನಡದಲ್ಲಿ. ಮೊದಲ ದಿನ ಇಪ್ಪತ್ತರ ತನಕ ಬಂದು ಮುಂದೆ ಸ್ವೀಡಿಷ್‌ಗೆ ಹಾರಿದಳು. ಎಪ್ಪತ್ತು, ಎಂಬತ್ತು, ತೊಂಬತ್ತರಲ್ಲಿ ನಾಲ್ಕು ದಿನ ಎಡವಿದಳು. ಹತ್ತನೆಯ ದಿನ ನೂರರ ಕಟ್ಟು ಕಟ್ಟಿ ರಬ್ಬರ್ ಬ್ಯಾಂಡ್ ಹಾಕಿ ನನ್ನ ಮುಂದಿಟ್ಟಳು. ಕಿಚನ್ನಿನಲ್ಲಿ ನಿಂತಿದ್ದ ಮಗಳು ಕಣ್ಣೊರೆಸಿಕೊಂಡಳು. ಈರುಳ್ಳಿ ಎಂದಳು. ಆವತ್ತು ಈರುಳ್ಳಿ ಹೆಚ್ಚಿರಲಿಲ್ಲ.

ಕೊನೆಗೆ ನಿಜವಾದ ಸಂಪಾದನೆಯೂ ಆಯಿತು. ಅಲ್ಲಿ ತಂಪು ಪಾನೀಯ ಕೊಳ್ಳುವಾಗ ಡಬ್ಬಿಗೂ ಸ್ವಲ್ಪ ಹಣ ಕಟ್ಟಿಸಿಕೊಳ್ಳುತ್ತಾರೆ. ಖಾಲಿ ಡಬ್ಬಿಯನ್ನು ದಿನಸಿ ಅಂಗಡಿಯ ಯಂತ್ರಕ್ಕೆ ಹಾಕಿದರೆ ಚೀಟಿ ಬರುತ್ತದೆ, ಚೀಟಿ ಕೊಟ್ಟರೆ ಹಣ ವಾಪಸ್. ಅಲ್ಯೂಮಿನಿಯಂ ಡಬ್ಬಿಗಳಿಗೆ ಈ ವ್ಯವಸ್ಥೆ 1984ರಿಂದಲೇ ಇದೆ. ನಾವಿಬ್ಬರೂ ಒಂದು ಚೀಲ ಡಬ್ಬಿ ಹೊತ್ತು ಹೋದೆವು. ಮೊಮ್ಮಗಳು ಚೀಟಿ ಕೊಟ್ಟು ನಾಣ್ಯ ಪಡೆದಳು. ಅದಕ್ಕೆ ತನ್ನ ಪಿಪ್ಪಿ ನೋಟು ಸೇರಿಸಿ ಅಜ್ಜಿಗೆ ಒಂದು ಚಾಕೊಲೇಟ್ ಕೊಂಡಳು. ಆ ಅಂಗಡಿ ನಗದು ತೆಗೆದುಕೊಳ್ಳುತ್ತಿತ್ತು!

ಸ್ಟಾಕ್‌ಹೋಮ್‌ನಿಂದ ಹೆಲ್ಸಿಂಕಿಗೆ ರಾತ್ರಿ ಹಡಗು. ಸಂಜೆ ಹೊರಟರೆ ಸಾವಿರಾರು ಸಣ್ಣ ದ್ವೀಪಗಳ ನಡುವೆ ಹಾವಿನಂತೆ ಸರಿದು ಬೆಳಿಗ್ಗೆ ತಲುಪುತ್ತದೆ. ರಾತ್ರಿ ಹತ್ತಕ್ಕೂ ಬೆಳಕು. ಗಡಿಯಾರ ಒಂದು ಗಂಟೆ ಮುಂದೆ ತಿರುಗಿಸಿಕೊಳ್ಳಬೇಕು.

ಹೆಲ್ಸಿಂಕಿಯಲ್ಲಿ ಮನೆಯವರ ತಂಗಿಯ ಮಗನಿಗೆ ಮೂರು ತಿಂಗಳ ಕೂಸು. ಬೆಂಗಳೂರಿನಿಂದ ಒಯ್ದ ಬೆಳ್ಳಿಯ ಉಡಿದಾರ ಕಟ್ಟಿ ನೋಡಿದರೆ ಕೂಸು ಮಲಗಿದ್ದು ರಟ್ಟಿನ ಪೆಟ್ಟಿಗೆಯಲ್ಲಿ! ನಮ್ಮ ಮನೆಯವರು, "ಅಯ್ಯೋ, ತೊಟ್ಟಿಲು ಇಲ್ಲವೇನೋ?" ಎಂದು ಗಾಬರಿಯಾದರು. ಆ ಪೆಟ್ಟಿಗೆ ಸರ್ಕಾರ ಕೊಟ್ಟದ್ದು. 1938ರಲ್ಲಿ ಬಡ ತಾಯಂದಿರಿಗೆಂದು ಶುರುವಾಗಿ 1949ರಿಂದ ಎಲ್ಲರಿಗೂ ಸಿಗುತ್ತಿದೆ. ಒಳಗೆ ಬಟ್ಟೆ, ಹೊದಿಕೆ, ಪುಟ್ಟ ಹಾಸಿಗೆ. ಪೆಟ್ಟಿಗೆ ಬೇಡವಾದರೆ ಹಣ ತೆಗೆದುಕೊಳ್ಳಬಹುದು. ಆದರೂ ಮೊದಲ ಮಗುವಿಗೆ ಹೆಚ್ಚಿನವರು ಪೆಟ್ಟಿಗೆಯನ್ನೇ ಕೇಳುತ್ತಾರಂತೆ.

ಕೂಸಿನ ಗಾಡಿ ತಳ್ಳಿಕೊಂಡು ಟ್ರಾಮ್ ಹತ್ತಿದರೆ ತಳ್ಳುವವರಿಗೆ ಟಿಕೆಟ್ ಇಲ್ಲ. ಹಾಗಾಗಿ ದಿನವೂ ಗಾಡಿ ತಳ್ಳುವುದಕ್ಕೆ ನನಗೂ ಮನೆಯವರಿಗೂ ಪೈಪೋಟಿ. 2018ರಲ್ಲಿ ತೆರೆದ ಓಡಿ ಎಂಬ ಗ್ರಂಥಾಲಯಕ್ಕೆ ಹೋದೆವು. ಅದು ಸಂಸತ್ ಭವನದ ಎದುರಿಗೇ ಇದೆ. ಪುಸ್ತಕವಷ್ಟೇ ಅಲ್ಲ, ಹೊಲಿಗೆ ಯಂತ್ರವೂ ಇದೆ. ಯಾರು ಬೇಕಾದರೂ ಕೂತು ಹೊಲಿಯಬಹುದು. ನಮ್ಮ ಮನೆಯವರು ತಮ್ಮ ಹಳೆಯ ಹತ್ತಿ ಸೀರೆಯಿಂದ ಕೂಸಿಗೊಂದು ಕುಲಾವಿ ಹೊಲಿದೇಬಿಟ್ಟರು. ಅಲ್ಲಿ ಕಾರ್ಡೂ ಬೇಕಾಗಲಿಲ್ಲ, ಲಕೋಟೆಯೂ ಬೇಕಾಗಲಿಲ್ಲ.

ಈಗ ನಮ್ಮ ಊರಿನಲ್ಲೂ ಸೊಪ್ಪಿನ ಗಾಡಿಯ ಮೇಲೆ ಕ್ಯೂಆರ್ ಚೀಟಿ ಅಂಟಿದೆ. ಒಳ್ಳೆಯದೇ. ನಾನೂ ಅದರಲ್ಲೇ ಕೊಡುತ್ತೇನೆ. ಆದರೆ ನಿಮ್ಮ ಮನೆಯಲ್ಲಿ ಅಜ್ಜನೋ ಅಜ್ಜಿಯೋ ಒಂದು ಎಳನೀರಿಗೂ ಬೇರೆಯವರ ಮುಖ ನೋಡುವಂತೆ ಆಗಬಾರದು. ಈ ಭಾನುವಾರ ಅರ್ಧ ಗಂಟೆ ಅವರ ಪಕ್ಕದಲ್ಲಿ ಕೂತು ಫೋನಿನಲ್ಲಿ ಹಣ ಕೊಡುವುದನ್ನು ಕಲಿಸಿ. ಗುಪ್ತಸಂಖ್ಯೆ ಯಾರಿಗೂ ಹೇಳಬೇಡಿ ಎಂದು ಮೂರು ಸಲ ಹೇಳಿ. ಬೇಡ ಎಂದರೆ ಒತ್ತಾಯ ಮಾಡಬೇಡಿ. ಅವರ ಕಿಸೆಯಲ್ಲಿ, ಸೆರಗಿನ ಗಂಟಿನಲ್ಲಿ ನಾಲ್ಕು ನೋಟು ಇರುವಂತೆ ಅಪ್ಪ ಅಮ್ಮನಿಗೆ ಹೇಳಿ. ಬದಲಿಗೆ ಅವರಿಂದ ನೂರು ನೋಟು ಬೆರಳಲ್ಲಿ ಎಣಿಸುವುದನ್ನು ಕಲಿಯಿರಿ.

ಈ ವಾರದ ಲೆಕ್ಕ: ಸ್ವೀಡನ್ನಿನ ಆ 10 ದಾಲರ್ ತಾಮ್ರದ ಹಲಗೆಯ ತೂಕ 19.7 ಕೆ.ಜಿ. ಒಬ್ಬ ವ್ಯಾಪಾರಿ ಅಂಥ ಹಲಗೆಗಳಲ್ಲೇ 50 ದಾಲರ್ ಸಾಲ ತೀರಿಸಬೇಕು. ಅವನು ಎಷ್ಟು ಕೆ.ಜಿ. ಹೊರಬೇಕು? ನಿಮ್ಮ ಶಾಲೆಯ ಚೀಲವನ್ನೂ ಒಮ್ಮೆ ತೂಗಿ, ಅಂಥ ಎಷ್ಟು ಚೀಲಕ್ಕೆ ಅದು ಸಮ ಎಂದು ಲೆಕ್ಕ ಹಾಕಿ. ಉತ್ತರ ಮುಂದಿನ ವಾರ.