ಒಂದು ಕ್ವಿಂಟಲ್ ಕೊಬ್ಬರಿಗೆ ಎಷ್ಟು ಹರ್ಟ್ಜ್?

ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ ಜಾವಗಲ್‌ನಿಂದ ಚಿಕ್ಕಪ್ಪನ ಮಗ ಫೋನ್ ಮಾಡಿದ. “ಅಣ್ಣಾ, ಹನ್ನೆರಡು ಸಾವಿರ ಇದೆ. ಗೇಮಿಂಗ್ ಮಾನಿಟರ್ ತಗೋಬೇಕು. 180 ಹರ್ಟ್ಜ್ ತಗೊಳ್ಲಾ, 240 ತಗೊಳ್ಲಾ?”

ನಾನು ಬಾಯಿ ತೆರೆಯೋ ಮುಂಚೆನೇ ಫೋನು ಚಿಕ್ಕಪ್ಪನ ಕೈಗೆ ಹೋಗಿತ್ತು. “ನೀನೇ ಹೇಳಪ್ಪಾ. ಆನ್‌ಲೈನ್ ಗೇಮ್‌ನ ಸರ್ಕಾರನೇ ಬ್ಯಾನ್ ಮಾಡಿದೆಯಂತೆ. ಇವ್ನು ನೋಡಿದ್ರೆ ಜೂಜಾಡೋಕೆ ಇನ್ನೊಂದು ಟೀವಿ ತರ್ತಾನಂತೆ.”

ಹನ್ನೆರಡು ಸಾವಿರ ಅರಸೀಕೆರೆ ಸೀಮೆಯಲ್ಲಿ ಸಣ್ಣ ದುಡ್ಡಲ್ಲ. 2025ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಘೋಷಿಸಿದ ಬೆಂಬಲ ಬೆಲೆಯೇ ಕ್ವಿಂಟಲ್‌ಗೆ 12,100 ರೂಪಾಯಿ. ತೋಟದ ಮನೆಯವರಿಗೆ ಈ ಲೆಕ್ಕ ಬೇಗ ಅರ್ಥವಾಗುತ್ತೆ: ಬೆಂಬಲ ಬೆಲೆಯಲ್ಲಿ ಒಂದು ಮಾನಿಟರ್ ಅಂದರೆ ಒಂದು ಕ್ವಿಂಟಲ್ ಕೊಬ್ಬರಿ. ಆದರೆ ಹುಡುಗನ ಕೈಲಿದ್ದದ್ದು ಕೊಬ್ಬರಿ ದುಡ್ಡಲ್ಲ, ಯುವನಿಧಿ ದುಡ್ಡು. ಬಿ.ಕಾಂ ಮುಗಿಸಿ ಕೆಲಸ ಸಿಗದೆ ಕೂತವನಿಗೆ ತಿಂಗಳಿಗೆ 3,000ದಂತೆ ನಾಲ್ಕು ತಿಂಗಳು ಕೂಡಿಟ್ಟಿದ್ದು.

ನಿರುದ್ಯೋಗ ಭತ್ಯೆಯಲ್ಲಿ ಗೇಮಿಂಗ್ ಮಾನಿಟರ್! “ಬಿಟ್ಟಿ ಭಾಗ್ಯ” ಅಂತ ಬೈಯುವವರಿಗೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಕಾ? ಆದರೆ ನನಗೆ ಇದರಲ್ಲಿ ಬೇರೆ ವಿಷಯ ಕಂಡಿತು. ಎಷ್ಟು ಹರ್ಟ್ಜ್ ಬೇಕು ಅನ್ನೋದು ಐದು ನಿಮಿಷದ ಲೆಕ್ಕ. ತಾಲೂಕು ಕೇಂದ್ರದಾಚೆಯ ಹುಡುಗ ಆ ಪೆಟ್ಟಿಗೆಗೆ ನಿಜವಾಗಿ ಎಷ್ಟು ತೆರುತ್ತಾನೆ ಅನ್ನೋದು ತೆರಿಗೆ, ಕರೆಂಟು, ವಾರಂಟಿ, ಕಾನೂನುಗಳ ಲೆಕ್ಕ. ಅದನ್ನು ಯಾವ ಜಾಹೀರಾತೂ ಹೇಳಲ್ಲ.

ಮೊದಲು ಚಿಕ್ಕಪ್ಪನ ಪ್ರಶ್ನೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಎರಡೇ ದಿನದಲ್ಲಿ ಪಾಸು ಮಾಡಿದ ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆ ನಿಷೇಧಿಸಿರುವುದು ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆಟಗಳನ್ನು. ರಮ್ಮಿ, ಪೋಕರ್, ಫ್ಯಾಂಟಸಿ ಕ್ರಿಕೆಟ್ ಎಲ್ಲ ಅದರೊಳಗೆ ಬಂದವು. ಅಂಥ ಆಟ ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿವರೆಗೆ ದಂಡ. ಆಡುವವರಿಗೆ ಶಿಕ್ಷೆ ಇಲ್ಲ. ಅದೇ ಕಾಯ್ದೆ ಇ-ಸ್ಪೋರ್ಟ್ಸ್ ಅನ್ನು ಪ್ರತ್ಯೇಕವಾಗಿ ಗುರುತಿಸಿ ಅದಕ್ಕೆ ಪ್ರೋತ್ಸಾಹ ಕೊಡ್ತೀವಿ ಅಂತಲೂ ಹೇಳುತ್ತೆ. ಕರ್ನಾಟಕ ಹೈಕೋರ್ಟ್‌ಗೆ ಹೋಗಿದ್ದ ಅರ್ಜಿಯೂ ಸೇರಿ ಈ ಕಾಯ್ದೆ ವಿರುದ್ಧದ ಪ್ರಕರಣಗಳನ್ನು ಸುಪ್ರೀಂ ಕೋರ್ಟ್ ಸೆಪ್ಟೆಂಬರ್‌ನಲ್ಲಿ ತನ್ನ ಬಳಿಗೆ ಕರೆಸಿಕೊಂಡಿತು.

ಅಂದರೆ ನಮ್ಮ ಹುಡುಗ ಆಡುವ ವ್ಯಾಲೊರಂಟ್‌ಗೂ ರಮ್ಮಿ ಆ್ಯಪ್‌ಗೂ ಕಾನೂನಿನ ಕಣ್ಣಲ್ಲಿ ಸಂಬಂಧವೇ ಇಲ್ಲ. ಆದರೆ ಊರಲ್ಲಿ ಈ ವ್ಯತ್ಯಾಸ ಯಾರಿಗೂ ಗೊತ್ತಿಲ್ಲ, ಹೇಳುವ ಗೋಜಿಗೂ ಯಾರೂ ಹೋಗಿಲ್ಲ. 2022ರ ಡಿಸೆಂಬರ್‌ನಲ್ಲೇ ಕೇಂದ್ರ ಇ-ಸ್ಪೋರ್ಟ್ಸ್ ಅನ್ನು ಕ್ರೀಡಾ ಸಚಿವಾಲಯದ ಅಡಿಗೆ ತಂದಿದೆ. ನಮ್ಮ ರಾಜ್ಯಕ್ಕೆ ಗೇಮಿಂಗ್, ಅನಿಮೇಶನ್‌ಗಳಿಗೆಂದೇ 2024–29ರ ನೀತಿಯೂ ಇದೆ. ಅವೆಲ್ಲ ಬೆಂಗಳೂರಿನ ಕಾನ್ಫರೆನ್ಸ್ ಹಾಲ್ ದಾಟಿ ಬಂದಿಲ್ಲ. “ಬ್ಯಾನ್” ಅನ್ನೋ ಒಂದು ಪದ ಮಾತ್ರ ಜಾವಗಲ್‌ವರೆಗೂ ಬಂತು. ಮಗ ಸ್ವಂತ ದುಡ್ಡಲ್ಲಿ ಒಂದು ಸಾಮಾನು ತರೋಕೆ ಅಪ್ಪನ ಮುಂದೆ ತಾನು ಜೂಜುಕೋರ ಅಲ್ಲ ಅಂತ ರುಜುವಾತು ಮಾಡಬೇಕಾಯ್ತು.

ಎರಡನೇದು ತೆರಿಗೆ. ಸೆಪ್ಟೆಂಬರ್ 22ರ ನಂತರ “ಜಿಎಸ್‌ಟಿ ಇಳಿಕೆ, ಮಾನಿಟರ್ ಅಗ್ಗ” ಅಂತ ಹಬ್ಬದ ಜಾಹೀರಾತು ನೀವೂ ನೋಡಿರ್ತೀರಿ. ಹುಡುಗನೂ ಅದನ್ನೇ ನಂಬಿ ಕಾದಿದ್ದ. ವಾಸ್ತವ ಏನಂದ್ರೆ, 32 ಇಂಚಿನವರೆಗಿನ ಮಾನಿಟರ್‌ಗಳ ತೆರಿಗೆ 2019ರ ಜನವರಿ 1ರಿಂದಲೇ ಶೇ 18. ಈ ಸಲ 28ರಿಂದ 18ಕ್ಕೆ ಇಳಿದದ್ದು 32 ಇಂಚಿಗಿಂತ ದೊಡ್ಡವು. ಬಜೆಟ್ ಗೇಮರ್ ಕೊಳ್ಳೋದು 24 ಅಥವಾ 27 ಇಂಚು. ಅವನಿಗೆ ಈ ಇಳಿಕೆಯಿಂದ ಒಂದು ರೂಪಾಯಿಯೂ ಸಿಕ್ಕಿಲ್ಲ. 10,000 ರೂಪಾಯಿಯ ಮಾನಿಟರ್‌ನಲ್ಲಿ ಸುಮಾರು 1,525 ರೂಪಾಯಿ ಜಿಎಸ್‌ಟಿ. ಬೆಂಗಳೂರಿನ ಕಂಪನಿ ಅದೇ ಮಾನಿಟರನ್ನು ಆಫೀಸಿಗೆ ಕೊಂಡರೆ ಆ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ಅಂತ ಹೊಂದಿಸಿಕೊಳ್ಳುತ್ತೆ. ಯುವನಿಧಿ ಹುಡುಗನಿಗೆ ಆ ದಾರಿ ಇಲ್ಲ. ಸರ್ಕಾರದ ಒಂದು ಕೈ ಕೊಟ್ಟ ಎರಡು ವಾರದ ಭತ್ಯೆಯನ್ನು ಇನ್ನೊಂದು ಕೈ ಇಲ್ಲಿ ವಾಪಸ್ ತಗೊಳ್ಳುತ್ತೆ. ಆದ್ದರಿಂದ “ಜಿಎಸ್‌ಟಿ ಆಫರ್” ನೋಡಿ ಅವಸರ ಬೀಳಬೇಡಿ. ಮೂರು ತಿಂಗಳ ಹಿಂದಿನ ಬೆಲೆ ಎಷ್ಟಿತ್ತು ಅಂತ ನೋಡಿ.

ಈಗ ಹರ್ಟ್ಜ್. ಪರದೆ ಒಂದು ಸೆಕೆಂಡಿಗೆ ಎಷ್ಟು ಸಲ ಹೊಸ ಚಿತ್ರ ತೋರಿಸುತ್ತೆ ಅನ್ನೋದೇ ರಿಫ್ರೆಶ್ ರೇಟ್. 60 ಹರ್ಟ್ಜ್‌ನಲ್ಲಿ ಎರಡು ಚಿತ್ರಗಳ ನಡುವಿನ ಅಂತರ 16.7 ಮಿಲಿಸೆಕೆಂಡ್. 100ರಲ್ಲಿ 10. 144ರಲ್ಲಿ 6.9. 180ರಲ್ಲಿ 5.6. 240ರಲ್ಲಿ 4.2. ಗಮನಿಸಿ, 60ರಿಂದ 144ಕ್ಕೆ ಹೋದರೆ ಉಳಿಯೋದು ಸುಮಾರು 10 ಮಿಲಿಸೆಕೆಂಡ್. 180ರಿಂದ 240ಕ್ಕೆ ಹೋದರೆ ಬರೀ 1.4. ಮೊದಲ ಜಿಗಿತ ಕಣ್ಣಿಗೆ ಕಾಣುತ್ತೆ, ಕೈಗೂ ಗೊತ್ತಾಗುತ್ತೆ. ಎರಡನೇದು ಮುಖ್ಯವಾಗಿ ಪೆಟ್ಟಿಗೆ ಮೇಲಿನ ನಂಬರು. ಅದೂ ಆಟದ ಸರ್ವರ್ ಮುಂಬೈನಲ್ಲಿದ್ದು, ಊರಿನ ಲೈನಲ್ಲಿ ಪಿಂಗ್ 40ರಿಂದ 60ರ ನಡುವೆ ಕುಣಿಯುವಾಗ ಆ 1.4ಕ್ಕೆ ಎರಡು-ಮೂರು ಸಾವಿರ ಹೆಚ್ಚು ಕೊಡೋದರಲ್ಲಿ ಅರ್ಥ ಇಲ್ಲ.

ಇನ್ನೊಂದು ಮಾತು. ಕಂಪ್ಯೂಟರ್ ಸೆಕೆಂಡಿಗೆ 80 ಚಿತ್ರ ತಯಾರಿಸಿದರೆ 240 ಹರ್ಟ್ಜ್ ಪರದೆಯೂ ತೋರಿಸೋದು ಅದೇ 80 ಹೊಸ ಚಿತ್ರಗಳನ್ನು. ಹುಡುಗನ ಪಿಸಿಯಲ್ಲಿ ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ, ರೈಜನ್ ಪ್ರೊಸೆಸರ್ ಒಳಗಿನ ಗ್ರಾಫಿಕ್ಸೇ ಗತಿ. ಎಫ್‌ಪಿಎಸ್ ಆನ್ ಮಾಡಿ ನೋಡು ಅಂದೆ. ನೋಡಿದ, 80–90. ರ‍್ಯಾಮ್ ಎಷ್ಟು ಕಡ್ಡಿ ಹಾಕಿದೀಯ ಅಂತ ಕೇಳಿದೆ. ಒಂದೇ. ಇಂಥ ಪ್ರೊಸೆಸರ್‌ಗಳು ಚಿತ್ರ ಬಿಡಿಸೋಕೂ ಅದೇ ರ‍್ಯಾಮ್ ಬಳಸುವುದರಿಂದ, ಒಂದರ ಬದಲು ಜೋಡಿ ಕಡ್ಡಿ ಹಾಕಿದರೆ ವೇಗ ಚೆನ್ನಾಗಿ ಏರುತ್ತೆ. ಮಾನಿಟರ್‌ಗೆ ಎಲ್ಲ ದುಡ್ಡು ಸುರಿಯೋ ಮುಂಚೆ ಇದನ್ನು ನೋಡಲೇಬೇಕು.

ಹತ್ತು-ಹನ್ನೆರಡು ಸಾವಿರದೊಳಗೆ ನನ್ನ ಆಯ್ಕೆ ಇಷ್ಟು: 24 ಇಂಚು, 1080ಪಿ, ಐಪಿಎಸ್ ಪ್ಯಾನೆಲ್, 144ರಿಂದ 180 ಹರ್ಟ್ಜ್. 144ಕ್ಕೂ 180ಕ್ಕೂ ಈಗ ಬೆಲೆಯಲ್ಲಿ ಹೆಚ್ಚು ವ್ಯತ್ಯಾಸ ಇಲ್ಲ, ಯಾವುದು ಕಡಿಮೆಗೆ ಸಿಗುತ್ತೋ ಅದು. 27 ಇಂಚಿನ ಆಸೆಗೆ 1080ಪಿ ತಗೋಬೇಡಿ. ಅಷ್ಟೇ ಚುಕ್ಕಿಗಳನ್ನು ದೊಡ್ಡ ಜಾಗಕ್ಕೆ ಹರಡಿದಂತಾಗಿ ಅಕ್ಷರ ಒರಟಾಗುತ್ತೆ. 27 ಬೇಕಾದ್ರೆ 1440ಪಿ ಬೇಕು. ಅದಕ್ಕೆ ದುಡ್ಡೂ ಜಾಸ್ತಿ, ಗ್ರಾಫಿಕ್ಸ್ ಕಾರ್ಡ್ ಮೇಲಿನ ಹೊರೆಯೂ ಹೆಚ್ಚುಕಮ್ಮಿ ಒಂದೂ ಮುಕ್ಕಾಲು ಪಟ್ಟು. ವಿಎ ಪ್ಯಾನೆಲ್‌ನಲ್ಲಿ ಕಪ್ಪು ಚೆನ್ನಾಗಿ ಬರುತ್ತೆ, ಆದರೆ ಅಗ್ಗದವುಗಳಲ್ಲಿ ಕತ್ತಲ ದೃಶ್ಯ ಓಡುವಾಗ ಮಸಿ ಎಳೆದಂತೆ ಕಾಣುತ್ತೆ. “1 ಮಿಲಿಸೆಕೆಂಡ್” ಅಂತ ಎಲ್ಲರೂ ಬರೀತಾರೆ. ಅದನ್ನು ಅಳೆಯುವ ರೀತಿ ಒಬ್ಬೊಬ್ಬರದು ಒಂದೊಂದು, ಆ ನಂಬರು ನೋಡಿ ತೀರ್ಮಾನಿಸಬೇಡಿ. ಫ್ರೀಸಿಂಕ್ ಇರಲಿ, ಕಂಪ್ಯೂಟರ್ ವೇಗ ಏರಿಳಿದಾಗ ಚಿತ್ರ ಹರಿದಂತೆ ಕಾಣೋದನ್ನು ಅದು ತಪ್ಪಿಸುತ್ತೆ. ಹಳೇ ಎಚ್‌ಡಿಎಂಐ ಕೇಬಲ್ ಬದಲು ಡಿಸ್‌ಪ್ಲೇ ಪೋರ್ಟ್ ಬಳಸಿ. ಹಚ್ಚಿದ ಮೇಲೆ ವಿಂಡೋಸ್ ಸೆಟ್ಟಿಂಗ್ಸ್‌ಗೆ ಹೋಗಿ ನೀವೇ ಹರ್ಟ್ಜ್ ಬದಲಿಸಬೇಕಾಗಬಹುದು. 180ರದ್ದು ಕೊಂಡು ತಿಂಗಳುಗಟ್ಟಲೆ 60ರಲ್ಲಿ ಆಡಿದವರನ್ನು ನಾನು ನೋಡಿದೀನಿ.

ಮೂರನೇದು ಕರೆಂಟು. ಇಲ್ಲಿ ಚಿಕ್ಕಪ್ಪನ ಆತಂಕದಲ್ಲಿ ಹುರುಳಿದೆ. ಹಾಸನ ಜಿಲ್ಲೆಗೆ ಕರೆಂಟು ಕೊಡೋದು ಚೆಸ್ಕಾಂ. ಗೃಹಜ್ಯೋತಿಯಲ್ಲಿ “200 ಯೂನಿಟ್ ಫ್ರೀ” ಅನ್ನೋದು ಅರ್ಧ ಸತ್ಯ. ಫ್ರೀ ಆಗೋದು ಆ ಮನೆಯ 2022–23ರ ತಿಂಗಳ ಸರಾಸರಿ, ಅದರ ಮೇಲೆ ಶೇ 10. ತೀರಾ ಕಡಿಮೆ ಬಳಸುತ್ತಿದ್ದ ಮನೆಗಳಿಗೆ ಆಮೇಲೆ ಶೇ 10ರ ಬದಲು 10 ಯೂನಿಟ್ ಮಾಡಿದರು. ಸರಾಸರಿ 60 ಯೂನಿಟ್ ಇದ್ದ ಮನೆಗೆ ಮಿತಿ 66. ಅದು ದಾಟಿದ ಪ್ರತಿ ಯೂನಿಟ್‌ಗೂ ದುಡ್ಡು, 200 ದಾಟಿದರೆ ಪೂರ್ತಿ ಬಿಲ್ಲು.

24 ಇಂಚಿನ ಮಾನಿಟರ್ ತಿನ್ನೋದು 25 ವ್ಯಾಟ್ ಆಸುಪಾಸು. ದಿನಕ್ಕೆ ನಾಲ್ಕು ಗಂಟೆಯಂತೆ ತಿಂಗಳಿಗೆ ಮೂರೇ ಯೂನಿಟ್. ಮಾನಿಟರ್ ತೊಂದರೆ ಅಲ್ಲ. ಆದರೆ ಗ್ರಾಫಿಕ್ಸ್ ಕಾರ್ಡ್ ಇರುವ ಪಿಸಿ ಆಟದ ವೇಳೆ 250 ವ್ಯಾಟ್ ಎಳೆದರೆ ತಿಂಗಳಿಗೆ 30 ಯೂನಿಟ್. 66ರ ಮಿತಿಯ ಮನೆಗೆ ಅದು ಏಟು. ಹೆಚ್ಚು ಹರ್ಟ್ಜ್ ಕೊಂಡು, ಅದನ್ನು ತುಂಬಿಸೋಕೆ ಆಮೇಲೆ ದೊಡ್ಡ ಕಾರ್ಡ್ ಹಾಕಿ, ಅಮ್ಮನ ಕೈಗೆ ಬಿಲ್ಲು ಬಂದಾಗ ಗೇಮಿಂಗ್ ಕತೆ ಮುಗೀತು. ಬಡ ಮನೆಯ ಮಿತಿ ಅದರ ಹಳೇ ಬಡತನಕ್ಕೇ ಕಟ್ಟಿಬಿದ್ದಿದೆ. ಮೊದಲಿಂದಲೂ ಎಸಿ ಓಡಿಸಿದ್ದ ಮನೆಗೆ ಮಿತಿ ಹೆಚ್ಚು, ಈಗ ತಾನೇ ಕಂಪ್ಯೂಟರ್ ಕಂಡ ಮನೆಗೆ ಕಮ್ಮಿ. ಯೋಜನೆ ನನಗೂ ಬೇಕು. ಈ ಸೂತ್ರ ಸರಿಯಿಲ್ಲ ಅಂತ ಹೇಳಲೂಬೇಕು.

ನಾಲ್ಕನೇದು ದೂರ, ನನ್ನ ಪ್ರಕಾರ ಎಲ್ಲಕ್ಕಿಂತ ದುಬಾರಿ. ನಾನು ಹಿಂದೆ ಅರಸೀಕೆರೆಯಲ್ಲಿದ್ದಾಗ ಆನ್‌ಲೈನಲ್ಲಿ ತರಿಸಿದ ಮಾನಿಟರ್‌ನಲ್ಲಿ ಎಂಟೇ ತಿಂಗಳಿಗೆ ಉದ್ದಕ್ಕೆ ಒಂದು ಗೆರೆ ಬಂತು. “ಮನೆಗೇ ಬಂದು ಸರ್ವಿಸ್” ಅಂತ ವಾರಂಟಿ ಕಾರ್ಡಲ್ಲಿತ್ತು. ಫೋನ್ ಮಾಡಿದರೆ “ನಿಮ್ಮ ಪಿನ್‌ಕೋಡ್‌ಗೆ ಇಲ್ಲ ಸರ್, ಬೆಂಗಳೂರಿಗೆ ತನ್ನಿ.” ರೈಲಲ್ಲಿ ಪೆಟ್ಟಿಗೆ ತೊಡೆ ಮೇಲಿಟ್ಟುಕೊಂಡು ಎರಡು ಸಲ ಹೋಗಿಬಂದೆ. ಹಳೇಬೀಡಿನ ಗೆಳೆಯನೊಬ್ಬ ಇಂಥದ್ದೇ ಪ್ರಸಂಗದಲ್ಲಿ ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿ ಸುಮ್ಮನಾದ. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು ದೇವಾಲಯಗಳು ಯುನೆಸ್ಕೊ ಪಟ್ಟಿ ಸೇರಿದವು, ಜಗತ್ತಿನ ಭೂಪಟದಲ್ಲಿ ನಮ್ಮೂರು ಬಂತು. ಸರ್ವಿಸ್ ಸೆಂಟರ್ ಭೂಪಟದಲ್ಲಿ ಬರಲಿಲ್ಲ.

ನನಗೆ ಆಗ ಗೊತ್ತಿಲ್ಲದ ಒಂದು ವಿಷಯ ಈಗ ಗೊತ್ತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ದೂರನ್ನು ಕಂಪನಿ ಇರುವ ಊರಲ್ಲಿ ಕೊಡಬೇಕಿಲ್ಲ. ನಾವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ, ಅಂದರೆ ಹಾಸನದಲ್ಲೇ ಕೊಡಬಹುದು. 5 ಲಕ್ಷದವರೆಗಿನ ವಸ್ತುವಿಗೆ ದೂರಿನ ಶುಲ್ಕ ಇಲ್ಲ. ಆನ್‌ಲೈನಲ್ಲೂ ಸಲ್ಲಿಸಬಹುದು, ವಕೀಲರೇ ಬೇಕು ಅಂತೇನಿಲ್ಲ. ಅದಕ್ಕೂ ಮೊದಲು 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು. ಹಾಗಾಗಿ ಇಷ್ಟು ಕೆಲಸ ಮಾಡಿ: ಬ್ರಾಂಡ್‌ನ ಸರ್ವಿಸ್ ಸೆಂಟರ್ ಹಾಸನದಲ್ಲಿದೆಯಾ ನೋಡಿ, ವಾರಂಟಿ ನಿಮ್ಮ ಪಿನ್‌ಕೋಡ್‌ಗೆ ಅನ್ವಯಿಸುತ್ತಾ ಅಂತ ಲಿಖಿತವಾಗಿ ಕೇಳಿ, ಚಾಟ್‌ನ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಪೆಟ್ಟಿಗೆ ಬಿಚ್ಚುವಾಗ ವಿಡಿಯೊ ಮಾಡಿ, ಅದೇ ದಿನ ಬಿಳಿ, ಕಪ್ಪು, ಕೆಂಪು ಪರದೆ ಹಾಕಿ ಸತ್ತ ಚುಕ್ಕಿ ಇದೆಯಾ ಹುಡುಕಿ. ಅರಸೀಕೆರೆ ಅಂಗಡಿಯಲ್ಲಿ ಐನೂರು ಹೆಚ್ಚಾದರೂ “ಕೆಟ್ಟರೆ ನಾನೇ ಕಳಿಸ್ತೀನಿ” ಅನ್ನುವವರಿದ್ದರೆ ಆ ಐನೂರು ನಷ್ಟವಲ್ಲ.

ಬಿಡಿಯಾಗಿ ನಾವು ಮಾಡಬಹುದಾದ್ದು ಇಷ್ಟು. ಆದರೆ ಪಿನ್‌ಕೋಡ್ ಹಾಕಿದರೆ ಯಾವ ದಿನ ಡೆಲಿವರಿ ಅಂತ ಹೇಳುವ ವೆಬ್‌ಸೈಟ್, ಅದೇ ಪಿನ್‌ಕೋಡ್‌ಗೆ ಸರ್ವಿಸ್ ಇದೆಯಾ ಅಂತ ಯಾಕೆ ಹೇಳಬಾರದು? ಮಾರೋಕೆ ಜಾವಗಲ್ ಹತ್ತಿರ, ರಿಪೇರಿಗೆ ದೂರ ಅಂದರೆ ಹೇಗೆ? ಇದನ್ನು ಕಡ್ಡಾಯ ಮಾಡೋಕೆ ಸರ್ಕಾರಕ್ಕೆ ಪೈಸೆ ಖರ್ಚಿಲ್ಲ. ಡಿಜಿಟಲ್ ಇಂಡಿಯಾ, ಗೇಮಿಂಗ್ ನೀತಿ ಅಂತ ಮಾತಾಡುವ ಎರಡೂ ಸರ್ಕಾರಗಳನ್ನು ಕೇಳಬೇಕಾದ ಪ್ರಶ್ನೆ ಇದು. ನಮ್ಮ ಶಾಸಕರು, ಸಂಸದರ ಸಾಮಾಜಿಕ ಜಾಲತಾಣದ ಕಾಮೆಂಟ್‌ಗಳಲ್ಲಿ ಈ ಪ್ರಶ್ನೆ ನಾನಂತೂ ನೋಡಿಲ್ಲ.

ಹುಡುಗ ಕೊನೆಗೆ 24 ಇಂಚಿನ 180 ಹರ್ಟ್ಜ್ ಐಪಿಎಸ್ ತರಿಸಿದ. ಉಳಿದ ದುಡ್ಡಿಗೆ ಸೆಕೆಂಡ್ ಹ್ಯಾಂಡ್ ರ‍್ಯಾಮ್ ಕಡ್ಡಿ. ಎಫ್‌ಪಿಎಸ್ ನೂರು ದಾಟಿದೆಯಂತೆ. ಚಿಕ್ಕಪ್ಪ ಇನ್ನೂ ಪೂರ್ತಿ ಒಪ್ಪಿಲ್ಲ. ಮೊನ್ನೆ ಫೋನಲ್ಲಿ ಕೇಳಿದ್ದು ಇಷ್ಟೇ: “ಗೆದ್ರೆ ದುಡ್ಡು ಬರಲ್ಲ ಅಂತೀಯ. ಹಂಗಾದ್ರೆ ಯಾಕೆ ಆಡ್ತಾನಪ್ಪಾ?” ಈ ಮಾತಿಗೆ ನನ್ನಲ್ಲಿ ಉತ್ತರ ಇತ್ತು, ಆದರೆ ಅದನ್ನು ಮಗನೇ ಹೇಳಲಿ ಅಂತ ಫೋನು ಅವನಿಗೆ ಕೊಡೋಕೆ ಹೇಳಿದೆ.