ಹಿಂದಿನ ಗಾಲಿಯ ಬ್ರೇಕು

ಪುಷ್ಯ ಮಾಸದಲ್ಲಿ ಬನಶಂಕರಿಯ ಜಾತ್ರೆ ಬಂದಿತೆಂದರೆ ಬಾಗಲಕೋಟೆ, ಹುನಗುಂದ, ಇಳಕಲ್ಲುಗಳ ಕುಟುಂಬಗಳು ಬಾದಾಮಿಯ ದಾರಿ ಹಿಡಿಯುವುದುಂಟು. ಮನೆಯಲ್ಲಿ ವ್ಯಾನೊಂದಿದ್ದರೆ ಅಜ್ಜಿಯಿಂದ ಮೊದಲುಗೊಂಡು ಮೊಮ್ಮಗುವಿನವರೆಗೆ, ಬುತ್ತಿಯ ಗಂಟು ಸಹಿತ, ಎಲ್ಲರೂ ಅದರಲ್ಲಿಯೇ. ಇಷ್ಟು ಭಾರ ಹೊತ್ತು ಓಡುವ ವಾಹನವನ್ನು ನಿಲ್ಲಿಸುವ ಹೊಣೆ ಹಿಂದಿನ ಗಾಲಿಗಳಿಗೂ ಸೇರಿದೆಯೆಂಬುದು ಹೊರಡುವ ಸಂಭ್ರಮದಲ್ಲಿ ಅನೇಕರಿಗೆ ನೆನಪಾಗುವುದಿಲ್ಲ.

1984ರಲ್ಲಿ ಬಂದು 2019ರಲ್ಲಿ ತಯಾರಿಕೆ ನಿಂತ ಮಾರುತಿಯ ಓಮ್ನಿಯಾಗಲಿ, 2010ರಲ್ಲಿ ಬಂದ ಈಕೋ ಆಗಲಿ, ಹಿಂದಿನ ಗಾಲಿಗಳಲ್ಲಿ ಬ್ರೇಕಿನ ಪ್ಯಾಡು ಹುಡುಕಿದರೆ ಸಿಗಲಾರದು. ಅಲ್ಲಿರುವುದು ಡ್ರಮ್ಮು, ಅದರೊಳಗೆ ಅರ್ಧಚಂದ್ರಾಕೃತಿಯ ಎರಡು ಶೂಗಳು. ಎತ್ತಿನ ಬಂಡಿಯಲ್ಲಿ ಬ್ರೇಕಿನ ಮರದ ತುಂಡು ಗಾಲಿಯನ್ನು ಹೊರಗಿನಿಂದ ಒತ್ತಿದರೆ, ಈ ಶೂಗಳು ಒಳಗಿನಿಂದ ಅಗಲಿ ಡ್ರಮ್ಮನ್ನು ಒತ್ತುತ್ತವೆ. ಈ ಏರ್ಪಾಡಿನ ಕೀರ್ತಿ 1902ರಷ್ಟು ಹಿಂದೆಯೇ ಫ್ರಾನ್ಸಿನ ಲೂಯಿ ರೆನೊ ಅವರಿಗೆ ಸಂದಿದೆ. ಕೈಬ್ರೇಕು ಎಳೆದಾಗ ವಾಹನವನ್ನು ಹಿಡಿದು ನಿಲ್ಲಿಸುವುದೂ ಇವೇ ಶೂಗಳು. ಆದುದರಿಂದ ಕೈಬ್ರೇಕಿನ ಹಿಡಿ ದಿನದಿನಕ್ಕೆ ಮೇಲೇರತೊಡಗಿದರೆ, ಅಥವಾ ಹಿಂದಿನಿಂದ ಲೋಹ ಉಜ್ಜುವ ಕರಕರ ಸದ್ದು ಬಂದರೆ, ಡ್ರಮ್ಮು ತೆರೆದು ನೋಡುವ ಕಾಲ ಬಂದಿತೆಂದೇ ತಿಳಿಯಬೇಕು.

ಕೈಕೆಲಸದ ಅಭ್ಯಾಸವುಳ್ಳ ಗೃಹಸ್ಥನು ಇದನ್ನು ಮನೆಯ ಮುಂದೆಯೇ ಮಾಡಬಲ್ಲನು. ಆದರೆ ಮೊದಲು ನೋಡಬೇಕಾದುದು ಬ್ರೇಕನ್ನಲ್ಲ, ನೆಲವನ್ನು. ಬಾಗಲಕೋಟೆಯ ನವನಗರದ ಸಿಮೆಂಟಿನ ಅಂಗಳವಾದರೆ ಚಿಂತೆಯಿಲ್ಲ. ಹುನಗುಂದದ ಕಡೆಯ ಎರೆಮಣ್ಣಿನ ಮೇಲೆ ಜ್ಯಾಕು ನಿಲ್ಲಿಸುವುದು ಸಲ್ಲದು, ಅದರಲ್ಲೂ ಮಳೆ ಬಿದ್ದ ಮರುದಿನ. ಇಳಕಲ್ಲಿನಲ್ಲಿ ಕೆಂಪು ಗ್ರಾನೈಟಿನ ತುಂಡುಗಳಿಗೆ ಬರವಿಲ್ಲ. ಮುಂದಿನ ಗಾಲಿಗಳಿಗೆ ಅಡ್ಡಗಲ್ಲಾಗಿ ಅವು ಒಳ್ಳೆಯವೇ. ಆದರೆ ಮೇಲೆತ್ತಿದ ವ್ಯಾನಿಗೆ ಆಧಾರವೆಂದು ಕಲ್ಲನ್ನೋ ಇಟ್ಟಿಗೆಯನ್ನೋ ಪೇರಿಸಿದವನು ತನ್ನ ಕೈಯನ್ನೇ ಪಣಕ್ಕಿಟ್ಟಂತೆ. ಕಲ್ಲು ಜಾರುತ್ತದೆ, ಇಟ್ಟಿಗೆ ಹೇಳದೆ ಕೇಳದೆ ಒಡೆಯುತ್ತದೆ. ಅಲ್ಲಿ ಕಬ್ಬಿಣದ ಸ್ಟ್ಯಾಂಡೇ ಬೇಕು. ಅಡ್ಡಗಲ್ಲನ್ನೂ ಮರೆಯುವಂತಿಲ್ಲ; ಏಕೆಂದರೆ ಡ್ರಮ್ಮು ಕಳಚಿ ಬರಬೇಕಾದರೆ ಕೈಬ್ರೇಕನ್ನು ಸಡಿಲಿಸಲೇಬೇಕು.

ಗಾಲಿಯ ನಟ್ಟುಗಳನ್ನು ವಾಹನವು ನೆಲದ ಮೇಲಿರುವಾಗಲೇ ತುಸು ಸಡಿಲಿಸಿ ಆಮೇಲೆ ಎತ್ತುವುದು ಲೇಸು. ಗಾಲಿ ಕಳಚಿದ ಮೇಲೂ ಡ್ರಮ್ಮು ಬಿಗಿಯಾಗಿ ಕಚ್ಚಿಕೊಂಡಿದ್ದರೆ ಸುತ್ತಿಗೆಯಿಂದ ಅಂಚಿಗೆ ಬಡಿಯಬಾರದು. ಅನೇಕ ಡ್ರಮ್ಮುಗಳ ಮುಖದಲ್ಲಿ ಥ್ರೆಡ್ಡುಳ್ಳ ಎರಡು ತೂತುಗಳಿರುತ್ತವೆ. ಅವುಗಳಲ್ಲಿ ಬೋಲ್ಟುಗಳನ್ನು ಸಮವಾಗಿ ಬಿಗಿಯುತ್ತ ಹೋದರೆ ಡ್ರಮ್ಮು ತಾನಾಗಿ ಹೊರಗೆ ಸರಿಯುತ್ತದೆ. ಒಳಗಿನ ಕರಿಯ ಧೂಳನ್ನು ಬಾಯಿಂದ ಊದುವ ಚಪಲ ಎಲ್ಲರಿಗೂ ಉಂಟು. ಹಳೆಯ ಲೈನಿಂಗುಗಳಲ್ಲಿ ಆಸ್‌ಬೆಸ್ಟಾಸ್ ಇರುವುದುಂಟು, ಅದು ಶ್ವಾಸಕೋಶಕ್ಕೆ ವಿಷ. ಮಕ್ಕಳನ್ನು ದೂರ ಕಳುಹಿಸಿ, ಒದ್ದೆ ಬಟ್ಟೆಯಿಂದ ಒರೆಸಬೇಕು. ಹಳೆಯ ಇಳಕಲ್ಲ ಸೀರೆಯ ತುಂಡಾದರೂ ಆದೀತು, ಮನೆಯೊಡತಿಯ ಅನುಮತಿ ದೊರೆತಲ್ಲಿ!

ಎರಡೂ ಗಾಲಿಗಳ ಶೂಗಳನ್ನು ಒಟ್ಟಿಗೆ ಬದಲಿಸಬೇಕು, ಬಿಚ್ಚುವುದು ಮಾತ್ರ ಒಂದಾದ ಮೇಲೊಂದು. ಯಾವ ಸ್ಪ್ರಿಂಗು ಎಲ್ಲಿಗೆಂಬ ಗೊಂದಲವಾದಾಗ, ಇನ್ನೂ ಬಿಚ್ಚದ ಬದಿಯೇ ಗುರುವಾಗುತ್ತದೆ. ಎಡಬಲ ತಿರುಗುಮುರುಗಾಗಿರುವುದನ್ನು ಮಾತ್ರ ನೆನಪಿಡಬೇಕು. ಡ್ರಮ್ಮು ಹೊರಗಿರುವಾಗ ಯಾರೂ ಬ್ರೇಕಿನ ಪೆಡಲನ್ನು ತುಳಿಯಕೂಡದು. ತುಳಿದರೆ ಸಿಲಿಂಡರಿನ ಪಿಸ್ಟನ್ನು ಹೊರಗೆ ಚಿಮ್ಮೀತು. ಆ ಸಿಲಿಂಡರಿನ ಸುತ್ತ ಎಣ್ಣೆಯ ಪಸೆ ಕಂಡರೆ ಮನೆಗೆಲಸ ಅಲ್ಲಿಗೆ ಮುಗಿಯಿತು. ಸೋರಿಕೆ ನಿಲ್ಲದೆ ಹೊಸ ಶೂ ಹಾಕುವುದು ವ್ಯರ್ಥ, ಮೆಕ್ಯಾನಿಕನನ್ನು ಕರೆಸಬೇಕು.

ಎಲ್ಲ ಜೋಡಿಸಿದ ಮೇಲೆ ಪೆಡಲನ್ನು ಹಲವು ಬಾರಿ ತುಳಿದು, ಅದು ಗಟ್ಟಿಯಾಗಿ ನಿಲ್ಲುವುದೇ ಎಂದು ನೋಡಿ, ಶೂಗಳ ಅಂತರವನ್ನೂ ಕೈಬ್ರೇಕಿನ ಕೇಬಲ್ಲನ್ನೂ ಸರಿಪಡಿಸಬೇಕು. ಮೊದಲ ಓಟ ಬಯಲಿನಲ್ಲಿ, ಮೆಲ್ಲಗೆ, ಒಬ್ಬನೇ. ಮನೆಮಂದಿಯನ್ನು ಕೂರಿಸಿಕೊಂಡು ಬಾದಾಮಿಯ ಗುಡ್ಡದ ಇಳಿಜಾರಿನಲ್ಲಿ ಅಲ್ಲ.