ಕೋಡ್ ಬರೆಯುವವರಿಗೂ ಪಿಪೆಟ್ ಬೇಕು

2024ರ ರಸಾಯನಶಾಸ್ತ್ರ ನೊಬೆಲ್ ಹಂಚಿಕೊಂಡ ಡೆಮಿಸ್ ಹಸಾಬಿಸ್ ಪದವಿಗೆ ಓದಿದ್ದು ಕಂಪ್ಯೂಟರ್ ವಿಜ್ಞಾನ. ಪ್ರೋಟೀನಿನ ಆಕಾರ ಊಹಿಸುವ ಆಲ್ಫಾಫೋಲ್ಡ್ ಬಂದ ಮೇಲೆ ಹೈದರಾಬಾದಿನ ನಮ್ಮಂಥ ಸಾಫ್ಟ್‌ವೇರ್ ಮಂದಿಗೂ ಜೀವರಸಾಯನಶಾಸ್ತ್ರ ಕಲಿಯುವ ಆಸೆ. ಕಲಿಯುವುದೆಲ್ಲಿ? ಎಐಸಿಟಿಇ ಮೈನರ್ ಪದವಿಗೆ ದಾರಿ ಮಾಡಿರುವುದು ಬಿ.ಟೆಕ್. ಹಂತದಲ್ಲಿ, ನನ್ನ ಎಂ.ಟೆಕ್.ನಲ್ಲಿ ಹೊರಗಿನ ವಿಷಯಕ್ಕಿದ್ದದ್ದು ಒಂದೇ ಐಚ್ಛಿಕ ಪತ್ರಿಕೆ.

ಈ ವಿಚಾರದಲ್ಲಿ ಕೃಷಿಯವರೇ ವಾಸಿ. ಐಸಿಎಆರ್ ಪಠ್ಯಕ್ರಮದಂತೆ ಕೃಷಿ ಸ್ನಾತಕೋತ್ತರ ಪದವಿಯಲ್ಲಿ 8 ಕ್ರೆಡಿಟ್ ಮೈನರ್‌ಗೇ ಮೀಸಲು. ತಳಿ ಅಭಿವೃದ್ಧಿ ಓದುವವರು ಜತೆಗೆ ಜೀವರಸಾಯನಶಾಸ್ತ್ರವನ್ನೋ ಆಣ್ವಿಕ ಜೀವಶಾಸ್ತ್ರವನ್ನೋ ಕಲಿಯಬಹುದು, ಅದೂ ಪ್ರಯೋಗಾಲಯ ಸಮೇತ.

ನೌಕರಿಯಲ್ಲಿರುವ ನಮಗೆ ಎನ್‌ಪಿಟೆಲ್ ಪಾಠಗಳಿವೆ, ಚೆನ್ನಾಗಿಯೂ ಇವೆ. ಆದರೆ ಪಿಪೆಟ್ ಹಿಡಿಯದೆ, ಜೆಲ್ ಮೇಲೆ ಡಿಎನ್‌ಎ ಪಟ್ಟಿ ಮೂಡುವುದನ್ನು ಕಾಣದೆ, ದತ್ತಾಂಶದಲ್ಲಿ ತಪ್ಪು ಎಲ್ಲಿ ನುಸುಳಿತೆಂದು ಗೊತ್ತಾಗದು. ವಿಶ್ವವಿದ್ಯಾಲಯಗಳು ಶನಿವಾರ-ಭಾನುವಾರ ಪ್ರಯೋಗಾಲಯ ತೆರೆದು ಮೈನರ್ ಕೊಡಲಿ. ಶುಲ್ಕ ಕಟ್ಟಲು ನಾವು ತಯಾರು.